ಸ್ಟೆಂಟರ್ ಮೀಮಾಂಸೆ: ತಲೆಯಿಲ್ಲದವನ ತೀರ್ಮಾನಗಳ ಕುರಿತೊಂದು ಕಿರುಶಾಸ್ತ್ರ

ಮನಸ್ಸು ಬದಲಾಯಿಸಲು ಮಿದುಳು ಬೇಕಿಲ್ಲ. ಹಿಡಿದ ಹಟ ಬಿಡದಿರಲು ಮಾತ್ರ ಬೇಕು. ಇದು ನಮ್ಮ ಪ್ರತಿಜ್ಞಾವಾಕ್ಯ. ಇದನ್ನು ಸಾಧಿಸಿ ತೋರಿಸಲು ನಾವು ಕರೆತಂದಿರುವ ಸಾಕ್ಷಿ, ಸ್ಟೆಂಟರ್ ಎಂಬ ಸಿಹಿನೀರಿನ ಏಕಕೋಶಿ.

ಸಾಕ್ಷಿಯ ಪರಿಚಯ: ಮಿದುಳಿಲ್ಲ, ನರವಿಲ್ಲ, ಇರುವುದು ಒಂದೇ ಕೋಶ. ಆದರೂ ಮೈ ಚಾಚಿದರೆ ಎರಡು ಮಿಲಿಮೀಟರ್ ತನಕ ಉದ್ದ, ಬರಿಗಣ್ಣಿಗೇ ಕಾಣುತ್ತದೆ. ಕಹಳೆಯಾಕಾರದ ಮೈ. ಸಪೂರ ಬುಡ ಕೊಳದ ಎಲೆಗೋ ಕಡ್ಡಿಗೋ ಅಂಟಿಕೊಂಡಿರುತ್ತದೆ. ಅಗಲವಾದ ತುದಿಯ ಅಂಚಿನಲ್ಲಿ ಸಿಲಿಯಾ ಎಂಬ ರೋಮಗಳ ಸಾಲು. ಅವು ಬಡಿದಂತೆ ನೀರು ಸುಳಿಯೆದ್ದು ಬಾಯಿಗಿಳಿಯುತ್ತದೆ, ಜೊತೆಗೆ ಬ್ಯಾಕ್ಟೀರಿಯಾ, ಪಾಚಿ, ದಾರಿತಪ್ಪಿ ಬಂದ ಸಣ್ಣ ಏಕಕೋಶಿಗಳು. ದಿನವಿಡೀ ಬಾಯಿ ತೆರೆದೇ ಕೂರುವ ಈ ಜೀವಿಯನ್ನು ವಿದ್ವತ್ ಸಭೆಗೆ ಕರೆತಂದುದರಲ್ಲಿ ಅನೌಚಿತ್ಯವೇನೂ ಇಲ್ಲವೆಂದು ನಮ್ಮ ಭಾವನೆ.

ಪೂರ್ವಪಕ್ಷದವರ ವಾದ ಹೀಗೆ: ಕೆಳಸ್ತರದ ಜೀವಿಗಳೆಲ್ಲ ಬರೀ ಯಂತ್ರಗಳು, ಪ್ರಚೋದನೆ ತಳ್ಳಿದ ಕಡೆ ಸಾಗುತ್ತವೆ. ಈ ಮತದ ಆಚಾರ್ಯರು ಜಾಕ್ ಲೋಬ್. ಅವರೆದುರು ತೊಡೆ ತಟ್ಟಿದವರು ಅಮೆರಿಕದ ಹರ್ಬರ್ಟ್ ಸ್ಪೆನ್ಸರ್ ಜೆನ್ನಿಂಗ್ಸ್. 1902ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಸರಳ, ತುಸು ಕುಚೋದ್ಯದ್ದು. ಸ್ಟೆಂಟರ್ ರೋಸೆಲಿ ಎಂಬ ಜಾತಿ ಲೋಳೆಯ ಕೊಳವೆ ಕಟ್ಟಿಕೊಂಡು ಅದರಲ್ಲಿ ಬುಡ ಊರಿ ಬಾಳುತ್ತದೆ. ಅದು ನೆಮ್ಮದಿಯಾಗಿ ಉಣ್ಣುತ್ತಿದ್ದಾಗ ಜೆನ್ನಿಂಗ್ಸ್ ಪಿಪೆಟ್ಟಿನಿಂದ ಕಾರ್ಮೈನ್ ಎಂಬ ಕೆಂಪು ಬಣ್ಣದ ಪುಡಿಯನ್ನು ಅದರ ಬಾಯಿಯತ್ತ ಬಿಟ್ಟರು.

ಮುಂದಿನದನ್ನು ಬಾಡಿಗೆ ಮನೆಯ ಉದಾಹರಣೆಯಿಂದ ಗ್ರಹಿಸಬೇಕು. ಪಕ್ಕದವರು ಅಂಗಳ ಗುಡಿಸಿ ಕಸವನ್ನು ನಮ್ಮ ಬಾಗಿಲಿಗೆ ದೂಡುತ್ತಾರೆ ಎನ್ನಿ. ಮೊದಲು ನಾವು ಕಂಡೂ ಕಾಣದಂತಿರುತ್ತೇವೆ. ಸ್ಟೆಂಟರೂ ಹಾಗೇ ಇದ್ದಿತು. ಆಮೇಲೆ ಮುಖ ತಿರುಗಿಸುತ್ತೇವೆ. ಅದು ಮೈಯನ್ನೇ ಪಕ್ಕಕ್ಕೆ ಬಾಗಿಸಿತು. ಅಷ್ಟಕ್ಕೂ ಬಗ್ಗದಿದ್ದರೆ ಕಸವನ್ನು ಬಂದ ದಾರಿಗೇ ತಿರುಗಿ ದೂಡುತ್ತೇವೆ. ಅದು ಸಿಲಿಯಾಗಳನ್ನು ಕ್ಷಣಕಾಲ ಹಿಮ್ಮುಖವಾಗಿ ಬಡಿದು ಪುಡಿಯನ್ನು ಆಚೆ ತಳ್ಳಿತು. ಆಮೇಲೆ ಬಾಗಿಲು ಹಾಕಿಕೊಳ್ಳುವುದು: ಮುದುಡಿ ಕೊಳವೆಯೊಳಗೆ ಸೇರಿತು. ತುಸು ಹೊತ್ತಿಗೆ ಇಣುಕಿತು; ಪುಡಿ ಇನ್ನೂ ಬೀಳುತ್ತಿದೆ; ಮತ್ತೆ ಮುದುಡಿತು. ಹೀಗೆ ಹಲವು ಸಲ ಆದಮೇಲೆ ಬುಡ ಕಿತ್ತುಕೊಂಡು, ಅಡ್ವಾನ್ಸನ್ನೂ ಕೇಳದೆ, ಈಜಿ ಹೊರಟಿತು. ಪುಡಿ ಅದೇ, ಪಿಪೆಟ್ಟು ಅದೇ. ಉತ್ತರ ಮಾತ್ರ ಬದಲಾಗುತ್ತ ಹೋಯಿತು. ಯಂತ್ರವಾದಿಗಳು ಇದಕ್ಕೆ ಏನೆನ್ನುತ್ತಾರೆ?

ಅವರು 1967ರ ತನಕ ಕಾದರು. ಆ ವರ್ಷ ಇಬ್ಬರು ಸಂಶೋಧಕರು ಪ್ರಯೋಗವನ್ನು ಮತ್ತೆ ಮಾಡಿ, ಇಂಥ ಮೆಟ್ಟಿಲು ಮೆಟ್ಟಿಲಾದ ವರ್ತನೆ ಕಾಣಲಿಲ್ಲವೆಂದು ಸಾರಿದರು. ಜೆನ್ನಿಂಗ್ಸ್ ಮೂಲೆ ಸೇರಿದರು. ಆದರೆ ಆ ಇಬ್ಬರು ಬಳಸಿದ್ದು ರೋಸೆಲಿಯನ್ನಲ್ಲ, ಸ್ಟೆಂಟರ್ ಸೆರುಲಿಯಸ್ ಎಂಬ ನೀಲಿ ಜಾತಿಯನ್ನು! ಅದಕ್ಕೆ ಒಂದೆಡೆ ಕೂರುವುದಕ್ಕಿಂತ ಈಜಾಡುವುದೇ ಇಷ್ಟ. ಸಾಕ್ಷಿಯನ್ನೇ ಬದಲಿಸಿ ವ್ಯಾಜ್ಯ ಗೆಲ್ಲುವ ಈ ಕ್ರಮ ಮಿದುಳುಳ್ಳವರಿಗಷ್ಟೇ ಸಾಧ್ಯ. ನಮ್ಮ ಪ್ರತಿಜ್ಞೆಯ ಉತ್ತರಾರ್ಧ ಇಲ್ಲಿಗೆ ಸಿದ್ಧವಾಯಿತೆಂದು ಗುರುತು ಹಾಕಿಕೊಳ್ಳುತ್ತೇವೆ.

ಇಲ್ಲೊಂದು ಉಪಾಕ್ಷೇಪ. ಮಿದುಳು ಎಲ್ಲೋ ಅಡಗಿರಬಹುದಲ್ಲ, ಕತ್ತರಿಸಿ ನೋಡಬಾರದೇಕೆ? ನೋಡಿಯಾಗಿದೆ. ಮುಂದೆ ಹಣ್ಣುನೊಣಗಳಿಂದ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್, 1901ರಲ್ಲಿ ಸ್ಟೆಂಟರನ್ನು ತುಂಡರಿಸಿದಾಗ ಇಡೀ ದೇಹದ ಅರುವತ್ತನಾಲ್ಕನೆಯ ಒಂದು ಪಾಲಿನಷ್ಟು ಚೂರು ಕೂಡ ಮತ್ತೆ ಪೂರ್ತಿ ಸ್ಟೆಂಟರಾಯಿತು. ಸೆರುಲಿಯಸ್ಸಿನ ದೊಡ್ಡ ಕೋಶಕೇಂದ್ರ ಮಣಿಸರದಂತೆ ಮೈಯುದ್ದಕ್ಕೂ ಹಬ್ಬಿದೆ. ಚೂರಿನಲ್ಲಿ ಒಂದಿಷ್ಟು ಕೋಶಕೇಂದ್ರವೂ ಒಂದಿಷ್ಟು ಹೊರಪದರವೂ ಉಳಿದರೆ ಸಾಕು. ತಲೆ ಹೋದ ತುಂಡು ಹೊಸ ಬಾಯಿ ಹುಟ್ಟಿಸಿಕೊಳ್ಳುತ್ತದೆ. ಇದೇ ಪ್ರಯೋಗವನ್ನು ಪೂರ್ವಪಕ್ಷದ ವಿದ್ವಾಂಸರ ಮೇಲೂ ನಡೆಸಿ ತುಲನಾತ್ಮಕ ಕೋಷ್ಟಕ ಕೊಡುವ ಉದ್ದೇಶ ನಮಗಿತ್ತು. ನೀತಿ ಸಮಿತಿ ಒಪ್ಪಲಿಲ್ಲ.

ಮೂಲ ವ್ಯಾಜ್ಯಕ್ಕೆ ಬರೋಣ. 2019ರಲ್ಲಿ ಮರುಪ್ರಯೋಗದ ಫಲಿತಾಂಶ ಪ್ರಕಟಿಸಿದ ಹಾರ್ವರ್ಡ್‌ನ ಜೆರೆಮಿ ಗುಣವರ್ಧನ ಮತ್ತು ಸಂಗಡಿಗರು ಹಟ ಹಿಡಿದು ಸರಿಯಾದ ಜಾತಿಯನ್ನೇ ಹುಡುಕಿದ್ದರು. ಅದು ಸಿಕ್ಕಿದ್ದು ಇಂಗ್ಲೆಂಡಿನ ಗಾಲ್ಫ್ ಮೈದಾನದ ಕೊಳವೊಂದರಲ್ಲಿ. ಈ ಸಲ ಕಾರ್ಮೈನಿಗೆ ಅದು ಸೊಪ್ಪು ಹಾಕಲಿಲ್ಲ. ಪ್ಲಾಸ್ಟಿಕ್ಕಿನ ಅತಿಸಣ್ಣ ಮಣಿಗಳಿಗೆ ಸಿಡುಕಿತು. ಪ್ರತಿ ಸ್ಟೆಂಟರೂ ತನ್ನದೇ ಲಹರಿಯಲ್ಲಿ ವರ್ತಿಸಿದರೂ ಒಟ್ಟು ಲೆಕ್ಕದಲ್ಲಿ ಜೆನ್ನಿಂಗ್ಸ್ ಗೆದ್ದರು: ಬಾಗುವುದು, ರೋಮ ತಿರುಗಿಸುವುದು ಮೊದಲು, ಮುದುಡುವುದು ಆಮೇಲೆ, ಜಾಗ ಬಿಡುವುದು ಕೊನೆಗೆ. ಜೊತೆಗೆ ಒಂದು ಸೋಜಿಗ. ಮುದುಡಿದ ಜೀವಿ ಮುಂದೆ ಮತ್ತೆ ಮುದುಡುತ್ತದೋ, ಬುಡ ಕಿತ್ತು ಹೊರಡುತ್ತದೋ ಎಂಬುದು ನಾಣ್ಯ ಚಿಮ್ಮಿದಂತೆ, ಸಮಸಮ ಸಂಭವ.

ಆ ನಾಣ್ಯವನ್ನು ಕೋಶದೊಳಗೆ ಚಿಮ್ಮುವವರು ಯಾರು ಎಂಬ ಪ್ರಶ್ನೆಯನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಿದ್ದೇವೆ. ಅನುದಾನದ ಅರ್ಜಿ ಸದ್ಯ ತಜ್ಞರ ಸಮಿತಿಯ ಮುಂದಿದೆ. ಸಮಿತಿ ಮೊದಲು ಗಮನಿಸಲಿಲ್ಲ, ಆಮೇಲೆ ಮುಖ ತಿರುಗಿಸಿತು. ನಿನ್ನೆ ಕಡತ ಹಿಂದಕ್ಕೆ ಬಂದಿದೆ.