ಐವರಲ್ಲಿ ಅರ್ಧ ಅಸಮರ್ಥ

ಬೆಲ್ ಕರ್ವ್ ಎಂಬುದು ನೌಕರರ ಸಾಮರ್ಥ್ಯವನ್ನು ಅಳೆಯುವ ಮೊದಲೇ ಅವರಲ್ಲಿ ಎಷ್ಟು ಮಂದಿ ಅಸಮರ್ಥರೆಂಬುದನ್ನು ನಿಗದಿಪಡಿಸುವ ಮೌಲ್ಯಮಾಪನ ಕ್ರಮ. 1981ರಿಂದ 2001ರವರೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್, ಶೇ. 20 ಉತ್ತಮರು, ಶೇ. 70 ಮಧ್ಯಮರು, ಶೇ. 10 ಹೊರಹೋಗಬೇಕಾದವರು ಎಂದು ವಿಭಜಿಸಿ ಪ್ರಸಿದ್ಧಗೊಳಿಸಿದ ಈ ಬಗೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತಾದರೂ, ಬೆಂಗಳೂರಿನ ಹೊರವರ್ತುಲ ರಸ್ತೆಯ ಕಾಲ್ಪನಿಕ ಕಚೇರಿಯೊಂದರಲ್ಲಿ ಅದು ಇನ್ನೂ ಆರೋಗ್ಯವಾಗಿದೆ.

“ನಿಮ್ಮ ಕೆಲಸ ಅತ್ಯುತ್ತಮ, ಆದ್ದರಿಂದ ಈ ವರ್ಷ ನಿಮಗೆ ಕೊನೆಯ ದರ್ಜೆ,” ಎಂದರು ವ್ಯವಸ್ಥಾಪಕರು, ಎಕ್ಸೆಲ್ ಹಾಳೆಯ ಕೆಂಪು ಚೌಕವನ್ನು ಬೆರಳಿನಿಂದ ಮರೆಮಾಡುತ್ತಾ.

“ಆದ್ದರಿಂದ ಅಂದರೆ ಹೇಗೆ ಸರ್?”

“ತಂಡದಲ್ಲಿ ಐವರಿದ್ದಾರೆ. ಶೇ. 10 ಅಂದರೆ ಅರ್ಧ ಆಳು. ಅರ್ಧ ಆಳನ್ನು ಸಾಫ್ಟ್‌ವೇರ್ ಒಪ್ಪುವುದಿಲ್ಲ. ಒಬ್ಬರಿಗೆ ಹೋದ ವರ್ಷ ಕೊಟ್ಟಾಯಿತು, ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದಾರೆ, ವಕೀಲರ ನೋಟಿಸು ಬಂದೀತು. ಮತ್ತೊಬ್ಬರು ರಾಜೀನಾಮೆ ಎಸೆದು ಹೋಗುತ್ತಾರೆ. ನೀವಾದರೆ ಅರ್ಥಮಾಡಿಕೊಳ್ಳುವವರು.”

ಅರ್ಥಮಾಡಿಕೊಳ್ಳುವ ಗುಣಕ್ಕೆ ಮೌಲ್ಯಮಾಪನದ ನಮೂನೆಯಲ್ಲಿ ಅಂಕವಿಲ್ಲವೆಂಬುದನ್ನೂ, ಐದನೆಯವರು ಪಟ್ಟಿ ಮಾಡುವವರೇ ಆದ್ದರಿಂದ ಅವರ ಪ್ರಸ್ತಾಪ ಬರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು.

“ಸುಧಾರಿಸಿಕೊಳ್ಳಲು ಏನು ಮಾಡಬೇಕು ಸರ್?”

“ಪಿ.ಐ.ಪಿ., ಅಂದರೆ ಕಾರ್ಯಕ್ಷಮತೆ ಸುಧಾರಣಾ ಯೋಜನೆ ಇದೆಯಲ್ಲ! ಮೂರು ತಿಂಗಳು ಈಗ ಮಾಡುತ್ತಿರುವುದನ್ನೇ ಮಾಡಿ, ವಾರಕ್ಕೊಂದು ವರದಿ ಬರೆಯಿರಿ.”

“ಸುಧಾರಿಸಿಬಿಟ್ಟರೆ?”

“ಆತುರಪಡಬೇಡಿ ಮಾರಾಯ್ರೇ, ಆ ಚೌಕ ಖಾಲಿ ಉಳಿದರೆ ಎಚ್.ಆರ್.ನವರು ನನ್ನನ್ನು ಕರೆಯುತ್ತಾರೆ.”