ಹಲ್ಲು ನೋಡಿ, ಸುಳಿ ನೋಡಿ, ಪುಸ್ತಕ ಕೊಳ್ಳಿ

ಬೀರೂರಿನ ಛತ್ರದಲ್ಲಿ ಮದುವೆ. ಕಡೂರು, ತರೀಕೆರೆ, ಅಜ್ಜಂಪುರದ ನೆಂಟರು ಒಂದೇ ಪಂಕ್ತಿಯಲ್ಲಿ ಕೂರಬೇಕಾದರೆ ಬೀರೂರೇ ಆಗಬೇಕು. ಮೂರು ಕಡೆಯ ರೈಲೂ ಕೂಡುವುದು ಅಲ್ಲೇ. ಊರಿನ ಶಾಲೆಯೊಂದಕ್ಕೆ ಚಿತ್ರಪುಸ್ತಕಗಳ ಪಟ್ಟಿ ಮಾಡಿಕೊಡಿ ಎಂದು ಯಾರೋ ಕೇಳಿದ್ದರಿಂದ ನನ್ನ ಹೆಗಲಲ್ಲಿ ಒಂದು ಚೀಲ ಪುಸ್ತಕವಿತ್ತು. ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿತ್ತು. ಚೀಲ ಬಿಚ್ಚಿದೆ. ಅದೇ ತಪ್ಪಾಯಿತು.

ಮೊದಲು ಕೈ ಹಾಕಿದವರು ಕಡೂರಿನ ಭಾವ. ತೆಂಗಿನ ತೋಟದವರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಜಾತಕ ಹೇಳುವ ಜನ. ಪುಸ್ತಕವನ್ನು ಅಂಗೈ ಮೇಲಿಟ್ಟು ತೂಗಿದರು, ಹಾಳೆ ಎಣಿಸಿದರು. "ಇದೇನಯ್ಯಾ, ಪುಟಕ್ಕೆ ಎರಡೇ ಸಾಲು! ಮಿಕ್ಕಿದ್ದೆಲ್ಲ ಬಣ್ಣ. ಇದೇ ದುಡ್ಡಿಗೆ ಬಸ್‌ಸ್ಟ್ಯಾಂಡಲ್ಲಿ ಇನ್ನೂರು ಪುಟದ ಗೈಡು ಬರುತ್ತೆ." ಅವರ ಲೆಕ್ಕದಲ್ಲಿ ಅಕ್ಷರವೇ ಕಾಯಿ, ಚಿತ್ರ ಬರೀ ಮಟ್ಟೆ. ಸುಲಿದು ಎಸೆದ ಮೇಲೆ ಉಳಿದದ್ದಕ್ಕೆ ಮಾತ್ರ ರೇಟು.

ತರೀಕೆರೆಯ ಷಡ್ಡಕರದು ಅಡಿಕೆ. ಬೆಳಗಾಗೆದ್ದು ದೇವರಿಗಿಂತ ಮೊದಲು ಮಾರ್ಕೆಟ್ ಧಾರಣೆ ನೋಡುವವರು. ಮನೆಯ ಪುಸ್ತಕಗಳನ್ನೂ ಅವರು ಅಡಿಕೆಯಂತೆ ಮೇಲಿಂದ ಕೆಳಕ್ಕೆ ದರ್ಜೆ ಮಾಡಿಯೇ ಇಟ್ಟಿದ್ದಾರೆ: ನವೋದಯ ಪ್ರವೇಶ ಪರೀಕ್ಷೆಯ ಗೈಡು ಸರಕು, ಮೊರಾರ್ಜಿ ವಸತಿ ಶಾಲೆಯದು ಬೆಟ್ಟೆ, ಸಾಮಾನ್ಯ ಜ್ಞಾನ ರಾಶಿ, ಕಥೆ ಪುಸ್ತಕ ಗೊರಬಲು. ಅವರ ಕೈಗೆ ಸಿಕ್ಕಿದ್ದು ಚೆನ್ನೈನ ತೂಲಿಕಾ ಪ್ರಕಾಶನದ 'ಗಜಪತಿ ಕುಲಪತಿ'. ಅಶೋಕ್ ರಾಜಗೋಪಾಲನ್ ಬರೆದ, ನೆಗಡಿ ಹತ್ತಿದ ಆನೆಯ ಕಥೆ. ಪುಟದಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಷಡ್ಡಕರು ಮಗಳನ್ನು ಕರೆದು, ಕನ್ನಡದ ಸಾಲಿನ ಮೇಲೆ ಹೆಬ್ಬೆರಳು ಅಡ್ಡ ಇಟ್ಟು, "ಓದಮ್ಮಾ" ಎಂದರು. ಮಗು ಹೆಬ್ಬೆರಳನ್ನೇ ನೋಡುತ್ತಾ ನಿಂತಿತು. ಆನೆ ಸೀನುವುದಕ್ಕೂ ಅಪ್ಪಣೆ ಬೇಕಾಯಿತು.

ಕೊನೆಗೆ ಅಜ್ಜಂಪುರದ ಚಿಕ್ಕಪ್ಪ. ಅಜ್ಜಂಪುರ ಎಂದರೆ ಅಮೃತಮಹಲ್ ತಳಿಯ ಊರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು, ಆ ಹೋರಿಗಳು ಫಿರಂಗಿ ಎಳೆದವು. ಅಂಥ ಊರಿನವರು ಹಲ್ಲು ಹಿಡಿಯದೆ, ಸುಳಿ ನೋಡದೆ ಏನನ್ನೂ ಮನೆಗೆ ಹೊಡೆದುಕೊಂಡು ಹೋಗುವುದಿಲ್ಲ. ಚಿಕ್ಕಪ್ಪ ನೇರ ಕೊನೆಯ ಪುಟ ತಿರುಗಿಸಿದರು. "ನೀತಿ ಎಲ್ಲಿದೆ?"

ಅವರ ಕೈಯಲ್ಲಿದ್ದದ್ದು ಶೃಂಗೇರಿ ಶ್ರೀನಿವಾಸನ ಕಥೆ. ನಮ್ಮದೇ ಜಿಲ್ಲೆಯ ಊರಿನ ಹೆಸರು ಹೊತ್ತ ರೈತ. ಅವನನ್ನು ಹುಟ್ಟಿಸಿದವರು ರೋಹಿಣಿ ನಿಲೇಕಣಿ, ನೋನಿ ಎಂಬ ಹೆಸರಲ್ಲಿ. ಬೆಳೆಸಿದ್ದು 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್. ಶ್ರೀನಿವಾಸ ವರ್ಷಕ್ಕೊಮ್ಮೆ ಕ್ಷೌರ ಮಾಡಿಸುವವನು. ಆ ದಿನ ಯಾರಿಗೂ ಪುರಸೊತ್ತಿಲ್ಲ. ಕೊನೆಗೆ ಕಾಡಿನ ಹುಲಿಯೊಂದು ಗರ್ಜಿಸುತ್ತದೆ. ಹೆದರಿಕೆಗೆ ಕೂದಲೆಲ್ಲ ತಾನಾಗಿ ಉದುರುತ್ತದೆ.

"ಇದರಿಂದ ಮಕ್ಕಳು ಕಲಿಯೋದೇನು? ಹುಲಿ ಹತ್ರ ಕ್ಷೌರ ಮಾಡಿಸ್ಕೋ ಅಂತ್ಲಾ?"

"ನಗೋದು ಚಿಕ್ಕಪ್ಪ."

"ನಗೋದನ್ನ ಕಲಿಸೋಕೆ ಪುಸ್ತಕ ಯಾಕೆ?" ಎಂದರು. ಇಷ್ಟು ಹೊತ್ತಿನಲ್ಲಿ ಅವರು ಒಮ್ಮೆಯೂ ನಕ್ಕಿರಲಿಲ್ಲ. ಸುಳಿ ಸರಿಯಿಲ್ಲ ಎಂದು ಪುಸ್ತಕ ವಾಪಸು ಬಂತು.

ನೆಂಟರನ್ನೇ ಬೈದು ಸುಮ್ಮನಾಗುವುದು ನ್ಯಾಯವಲ್ಲ, ಶಾಲೆಗೂ ಬರೋಣ. ಒಂದು ಶಾಲೆಗೆ ಹೋಗಿದ್ದೆ. ಹೆಸರು ಬೇಡ. ಗ್ರಂಥಾಲಯ ಎಂದರೆ ಹಸಿರು ಬಣ್ಣದ ಕಬ್ಬಿಣದ ಬೀರು. ಬೀಗದ ಕೈ ಹೆಡ್‌ಮೇಷ್ಟ್ರ ಹತ್ತಿರ, ಹೆಡ್‌ಮೇಷ್ಟ್ರು ಮೀಟಿಂಗಿಗೆ. ಎರಡನೇ ಸಲ ಹೋದಾಗ ಬಾಗಿಲು ತೆರೆಯಿತು, ನುಸಿಗುಳಿಗೆಯ ವಾಸನೆ ಮೊದಲು ಹೊರಗೆ ಬಂತು. ಒಳಗೆ ಚಿತ್ರಪುಸ್ತಕಗಳಿದ್ದವು, ಬೇಕಾದಷ್ಟು. ಒಂದೊಂದಕ್ಕೂ ಖಾಕಿ ರಟ್ಟು ಹೊದಿಸಿ, ಮೇಲೆ ನಂಬರು ಬರೆದಿತ್ತು. ಹುಲಿ 114, ಆನೆ 115. ಚಿತ್ರಪುಸ್ತಕದ ಚಿತ್ರವೇ ಕಾಣದ ಹಾಗೆ ಬೈಂಡು ಹಾಕುವ ಕಲೆ ಲೋಕದಲ್ಲಿ ನಮಗೆ ಮಾತ್ರ ಸಿದ್ಧಿಸಿದೆ. "ಕೊಟ್ರೆ ಹರಿದು ಹಾಕ್ತವೆ ಸಾರ್, ಆಡಿಟ್‌ನಲ್ಲಿ ನನ್ನ ಸಂಬಳದಲ್ಲಿ ಹಿಡೀತಾರೆ" ಎಂದರು ಮೇಷ್ಟ್ರು. ಆ ಭಯ ಸುಳ್ಳಲ್ಲ. ಅದಕ್ಕೇ ಆ ಬೀರುವಿನಲ್ಲಿ ಒಂದೂ ಪುಟ ಮಾಸದ, ಒಂದೂ ಕಣ್ಣು ಬೀಳದ ಪುಸ್ತಕಗಳು ವರ್ಷಗಟ್ಟಲೆ ಕ್ಷೇಮವಾಗಿವೆ.

ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಹಸಿದ ಕಂಬಳಿಹುಳುವಿನ ಪುಸ್ತಕ ಮಾಡಿದ. ಹುಳು ಹಣ್ಣು ತಿಂದ ಕಡೆಯೆಲ್ಲ ಹಾಳೆಯಲ್ಲೇ ದುಂಡನೆಯ ತೂತು. ಮಗು ಬೆರಳು ತೂರಿಸಲಿ ಅಂತಲೇ ಕೊರೆದದ್ದು. ನಮ್ಮ ಬೀರುವಿಗೆ ಬಂದಿದ್ದರೆ ಅದೇ ದಿನ 'ಗೆದ್ದಲು ಹಿಡಿದಿದೆ' ಎಂದು ಷರಾ ಬರೆದು ಲೆಕ್ಕದಿಂದ ತೆಗೆದುಬಿಡುತ್ತಿದ್ದರು.

ದುಡ್ಡಿಲ್ಲ ಎನ್ನುವ ನೆಪಕ್ಕಂತೂ ಕಲ್ಲು ಬಿದ್ದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ದರ್ಜೆ ನೋಡಿ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವುಂಟು. 2020ರ ನವೆಂಬರಿನ 'ಓದುವ ಬೆಳಕು' ಕಾರ್ಯಕ್ರಮ ಬಂದಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳ ಸದಸ್ಯತ್ವ ಉಚಿತ. ಅವುಗಳ ಈಗಿನ ಹೆಸರು ಅರಿವು ಕೇಂದ್ರ. 2015ರಿಂದ ಇರುವ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿ. ಇಳಿಸಿಕೊಂಡು ಅಚ್ಚು ಹಾಕಿದರೂ ಕೇಳುವವರಿಲ್ಲ. ಬಾಕಿ ಇರುವುದು ಬೀಗ ಒಂದೇ.

ಮತ್ತೆ ಛತ್ರಕ್ಕೆ ಬರೋಣ. ಷಡ್ಡಕರಿಗೆ ಅವರದೇ ತಾಲ್ಲೂಕಿನ ಒಂದು ಚಿತ್ರಪುಸ್ತಕ ನೆನಪಿಸಿದೆ. ಅಮೃತಾಪುರದ್ದು. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಮಂಟಪದ ಗೋಡೆಯ ಮೇಲೆ 140 ಫಲಕ: ರಾಮಾಯಣಕ್ಕೆ 70, ಕೃಷ್ಣನಿಗೆ 25, ಭಾರತಕ್ಕೆ 45. ಅಲ್ಲಿನ ಶಾಸನದ ಪದ್ಯ ಬರೆದವನು ಕವಿಚಕ್ರವರ್ತಿ ಜನ್ನ. ಅಂಥವನು ಕೈಯಲ್ಲಿದ್ದೂ ಚಿತ್ರದ ಕೆಳಗೆ ಎರಡು ಸಾಲು ವಿವರಣೆ, ಒಂದು ಸಾಲು ನೀತಿ ಬರೆಸಬೇಕೆಂದು ದಂಡನಾಯಕನಿಗೆ ಹೊಳೆಯಲಿಲ್ಲ. ಪದ್ಯಕ್ಕೆ ಬೇರೆ ಕಲ್ಲನ್ನೇ ನಿಲ್ಲಿಸಿದ. ಸಾಲದ್ದಕ್ಕೆ ದಕ್ಷಿಣದ ಗೋಡೆಯಲ್ಲಿ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಇವತ್ತಿನ ಆಯ್ಕೆ ಸಮಿತಿಯಾಗಿದ್ದರೆ 'ಪುಟಸಂಖ್ಯೆ ತಪ್ಪಿದೆ, ಅಕ್ಷರವಿಲ್ಲ, ತೂಕ ಜಾಸ್ತಿ' ಎಂದು ಗುಡಿಯನ್ನೇ ವಾಪಸು ಕಳಿಸುತ್ತಿತ್ತು. ಭಾವ ಮಾತ್ರ "ತೂಕಕ್ಕೆ ಮೋಸ ಇಲ್ಲ ಬಿಡು" ಎಂದು ಒಪ್ಪುತ್ತಿದ್ದರೇನೋ.

ಅಷ್ಟರಲ್ಲಿ ಎಲೆ ಹಾಕಿದರು. ದೊಡ್ಡವರು ಊಟಕ್ಕೆ ಓಡಿದರು, ಮಕ್ಕಳು ಚೀಲಕ್ಕೆ. ಕೈ ತೊಳೆದು ಬಂದು ನೋಡುತ್ತೇನೆ, ಗಜಪತಿಯ ಸೊಂಡಿಲಿನ ಮೇಲೆ ಪಾಯಸ. ಜಮಖಾನದ ಮೇಲೆ ಚಿಕ್ಕಪ್ಪನ ಮೊಮ್ಮಗ ನಾಲ್ಕು ಕಾಲಲ್ಲಿ ನಿಂತು ಗರ್ಜಿಸುತ್ತಿದ್ದಾನೆ. ಎದುರಿಗೆ ಷಡ್ಡಕರ ಮಗಳು ತಲೆ ಮುಟ್ಟಿ ಮುಟ್ಟಿ ಕೂದಲು ಹೋಯಿತೇ ಎಂದು ನೋಡಿಕೊಳ್ಳುತ್ತಿದ್ದಾಳೆ. ಶ್ರೀನಿವಾಸನ ಪುಸ್ತಕದಲ್ಲಿ ಒಂದು ಹಾಳೆ ಇರಲಿಲ್ಲ.

ಮಾರನೆಯ ಬೆಳಿಗ್ಗೆ, ಅಡಿಕೆ ಧಾರಣೆ ನೋಡಿ ಮುಗಿಸಿದ ಮೇಲೇ ಇರಬೇಕು, ತರೀಕೆರೆಯಿಂದ ಫೋನು. "ಹುಲಿ ಇರೋ ಹಾಳೆ ಇವಳ ದಿಂಬಿನ ಕೆಳಗೆ ಸಿಕ್ತು ಕಣ್ರೀ. ರಾತ್ರಿಯೆಲ್ಲ ಇಟ್ಕೊಂಡು ಮಲಗಿದಾಳೆ. ಎಷ್ಟಾಯ್ತು ಹೇಳಿ, ಕಳಿಸ್ತೀನಿ. ಗೊರಬಲು ರೇಟು ತಾನೆ?"

"ಇಲ್ಲ," ಎಂದೆ. "ಈಗ ಅದು ಸರಕು."