ಏಕಕಂಠ ಮೀಮಾಂಸೆ

ನಾನಾ ಕಂಠಗಳಿಂದ ಒಂದೇ ಸ್ವರವನ್ನು ಹೊರಡಿಸುವ ವಿದ್ಯೆ ಗಾಯಕರಿಗೆ ಮಾತ್ರ ಸಾಧ್ಯವೆಂದು ಲೋಕವು ಬಹುಕಾಲ ನಂಬಿತ್ತಾದರೂ, 1992ರ ಫೆಬ್ರುವರಿ 7ರಂದು ಮಾಸ್ಟ್ರಿಕ್ಟ್ ಎಂಬ ಡಚ್ ಪಟ್ಟಣದಲ್ಲಿ ಯೂರೋಪಿನ 12 ರಾಷ್ಟ್ರಗಳು ಕಲೆತು, ತಮ್ಮೆಲ್ಲರಿಗೂ ಸಮಾನವಾದ ವಿದೇಶನೀತಿ ಹಾಗೂ ಭದ್ರತಾನೀತಿಯೊಂದನ್ನು ಸ್ಥಾಪಿಸುವ ಒಡಂಬಡಿಕೆಗೆ ಸಹಿಮಾಡಿದಂದಿನಿಂದ ಈ ವಿದ್ಯೆ ರಾಜನೀತಿಶಾಸ್ತ್ರಕ್ಕೂ ಸೇರಿತು. ಇಂದು ಆ ರಾಷ್ಟ್ರಗಳು 27. ಐರೋಪ್ಯ ಒಕ್ಕೂಟವೆಂಬ ಅವುಗಳ ಕೂಟದ ಅಧಿಕೃತ ಭಾಷೆಗಳು 24. ಕಂಠ ಮಾತ್ರ ಒಂದೇ ಎಂಬುದು ಶಾಸ್ತ್ರದ ಪ್ರತಿಜ್ಞೆ.

ಇಲ್ಲಿ ಸಂಶಯವೊಂದು ಏಳುತ್ತದೆ. ರಾಷ್ಟ್ರಗಳಿಗಿಂತ ಮೇಲಣವೆಂದು, ಅಂದರೆ ಅಧಿರಾಷ್ಟ್ರೀಯವೆಂದು, ಪ್ರಖ್ಯಾತವಾದ ಒಕ್ಕೂಟದ ಆಯೋಗ, ಸಂಸತ್ತು, ನ್ಯಾಯಾಲಯ ಎಂಬೀ ಮೂರು ಸಂಸ್ಥೆಗಳು ಈ ನೀತಿಯಲ್ಲಿ ಕರ್ತೃಗಳೋ, ಸಾಧನಗಳೋ, ಅಥವಾ ಕೇವಲ ಸಾಕ್ಷಿಗಳೋ?

ಕರ್ತೃಗಳೇ ಎಂಬುದು ಪೂರ್ವಪಕ್ಷ. ಏಕೆಂದರೆ, 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆಯ ಮೇರೆಗೆ ಉನ್ನತ ಪ್ರತಿನಿಧಿಯೆಂಬ ಅಧಿಕಾರಿಯು ವಿದೇಶಮಂತ್ರಿಗಳ ಸಭೆಗೆ ಅಧ್ಯಕ್ಷನಾಗಿಯೂ, ಅದೇ ಕಾಲದಲ್ಲಿ ಆಯೋಗದ ಉಪಾಧ್ಯಕ್ಷನಾಗಿಯೂ ಇರುವುದರಿಂದ, ಒಂದೇ ದೇಹದಲ್ಲಿ ಎರಡು ಪದವಿಗಳನ್ನು ಹೊತ್ತವನು ಕನಿಷ್ಠಪಕ್ಷ ಒಂದು ಕೆಲಸವನ್ನಾದರೂ ಮಾಡಿಯೇ ಮಾಡಬೇಕೆಂದು ಪೂರ್ವಪಕ್ಷಿಯು ವಾದಿಸುತ್ತಾನೆ.

ಇದಕ್ಕೆ ಸಿದ್ಧಾಂತಿಯ ಉತ್ತರ ಹೀಗಿದೆ: ಲಿಸ್ಬನ್ನಿನಲ್ಲಿ ತಿದ್ದುಪಡಿಯಾದ ಮಾಸ್ಟ್ರಿಕ್ಟ್ ಒಡಂಬಡಿಕೆಯ 24ನೆಯ ವಿಧಿಯ ಪ್ರಕಾರ ಈ ಕ್ಷೇತ್ರದಲ್ಲಿ ಶಾಸನ ಮಾಡುವಂತಿಲ್ಲ, ಸಾಮಾನ್ಯವಾಗಿ ಮಂತ್ರಿಗಳ ಸರ್ವಸಮ್ಮತಿಯಿಲ್ಲದೆ ನಿರ್ಣಯವಿಲ್ಲ, ವ್ಯಕ್ತಿಗಳ ಮೇಲಣ ನಿರ್ಬಂಧಗಳಂಥ ಕೆಲವು ಪ್ರಸಂಗಗಳನ್ನು ಬಿಟ್ಟರೆ ನ್ಯಾಯಾಲಯದ ದೃಷ್ಟಿ ಇತ್ತ ಬೀಳುವಂತಿಲ್ಲ. ಇನ್ನು ಸಂಸತ್ತಾದರೋ, ವರ್ಷಕ್ಕೆರಡಾವೃತ್ತಿ ಚರ್ಚಿಸತಕ್ಕದ್ದೆಂದೂ, ಅದರ ಅಭಿಪ್ರಾಯಗಳನ್ನು ಯುಕ್ತವಾಗಿ ಗಮನಿಸತಕ್ಕದ್ದೆಂದೂ 36ನೆಯ ವಿಧಿ ಸಾರುತ್ತದೆ. ಗಮನಿಸಿದ ತರುವಾಯ ಏನು ಮಾಡತಕ್ಕದ್ದೆಂಬುದನ್ನು ವಿಧಿಕಾರರು ವಾಚಕರ ಕಲ್ಪನೆಗೆ ಬಿಟ್ಟಿದ್ದಾರೆ. ಆದುದರಿಂದ ಈ ಸಂಸ್ಥೆಗಳು ಸಾಂಖ್ಯದ ಪುರುಷನಂತೆ ಸರ್ವವನ್ನೂ ನೋಡುವ, ಏನನ್ನೂ ಮಾಡದ, ನಿತ್ಯಶುದ್ಧ ಸಾಕ್ಷಿಗಳು.

ಹಾಗಾದರೆ ಕಾರ್ಯವು ನಡೆಯುವ ಬಗೆ ಹೇಗೆ? ಸಮ್ಮತಿಯ ಪ್ರಭೇದಗಳಿಂದ. ಒಪ್ಪಿ ಕೈಯೆತ್ತುವುದು ಮೊದಲನೆಯದು. ತಾನು ಮತ ನೀಡದೆ, ಉಳಿದವರ ನಿರ್ಣಯ ಒಕ್ಕೂಟವನ್ನು ಬಂಧಿಸುತ್ತದೆಂದು ಮಾತ್ರ ಒಪ್ಪಿಕೊಳ್ಳುವ ‘ರಚನಾತ್ಮಕ ತಟಸ್ಥತೆ’ ಎರಡನೆಯದು. ಒಂದೂರಿನ ವ್ಯಾಜ್ಯಕ್ಕಾಗಿ ಇನ್ನೊಂದೂರಿನ ಪಂಚಾಯಿತಿಯನ್ನು ತಡೆಹಿಡಿಯುವ ವಿಳಂಬಸಮ್ಮತಿ ಮೂರನೆಯದು. 2020ರಲ್ಲಿ ಬೆಲಾರುಸ್ ಮೇಲಣ ನಿರ್ಬಂಧಗಳನ್ನು ತುರ್ಕಿಯ ವಿಷಯ ಇತ್ಯರ್ಥವಾಗಲೆಂದು ಸೈಪ್ರಸ್ ಅಕ್ಟೋಬರಿನವರೆಗೆ ತಡೆದುದು ಇದಕ್ಕೆ ನಿದರ್ಶನ. ನಾಲ್ಕನೆಯದಾದ ಬಹಿರ್ಗಮನ ಸಮ್ಮತಿ ಅತಿಸೂಕ್ಷ್ಮವಾದುದು: 2023ರ ಡಿಸೆಂಬರಿನಲ್ಲಿ, ಯುಕ್ರೇನಿನ ಸದಸ್ಯತ್ವದ ಮಾತುಕತೆಯನ್ನು ಆರಂಭಿಸುವ ನಿರ್ಣಯದ ವೇಳೆ ಹಂಗೆರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಸಭಾಂಗಣದಿಂದ ಹೊರನಡೆಯಲು, ಉಳಿದ 26 ಮಂದಿಯ ಅಭಿಪ್ರಾಯವೇ ಸರ್ವಸಮ್ಮತಿಯಾಯಿತು. ಇದು ವಿಸ್ತರಣೆಯ ಪ್ರಕರಣಕ್ಕೆ ಸೇರಿದುದಾದರೂ, ಬಾಗಿಲು ಎರಡು ಶಾಸ್ತ್ರಗಳಿಗೂ ಸಾಮಾನ್ಯವಾದುದರಿಂದ ಇಲ್ಲಿ ಗ್ರಾಹ್ಯ.

ಆಸನಪ್ರಕರಣವೂ ಉಪೇಕ್ಷಣೀಯವಲ್ಲ. 2021ರ ಏಪ್ರಿಲಿನಲ್ಲಿ ಅಂಕಾರಾ ನಗರದ ಭೇಟಿಯಲ್ಲಿ ತುರ್ಕಿಯ ಅಧ್ಯಕ್ಷರ ಪಕ್ಕದ ಕುರ್ಚಿ ಐರೋಪ್ಯ ಪರಿಷತ್ತಿನ ಅಧ್ಯಕ್ಷ ಷಾರ್ಲ್ ಮಿಷೆಲ್ ಅವರಿಗೆ ಲಭಿಸಿತು. ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲಾಯೆನ್ ಅವರಿಗೆ ದೂರದ ಸೋಫಾ. ಅಧಿರಾಷ್ಟ್ರೀಯತೆಯ ಸ್ಥಾನವೆಲ್ಲಿ ಎಂದು ಪಂಡಿತರು ಗ್ರಂಥಗಳಲ್ಲಿ ಅರಸುತ್ತಿದ್ದಾಗ ಪೀಠೋಪಕರಣಗಳು ಅದನ್ನು ನಿರ್ಣಯಿಸಿಬಿಟ್ಟವು.

ಸೇನಾಪ್ರಕರಣ ಸಂಕ್ಷಿಪ್ತವಾದುದು. ಸುಮಾರು 1500 ಯೋಧರ ಒಂದೊಂದು ಸಮರದಳವು 2007ರಿಂದಲೂ ಸರದಿಯಂತೆ ಸನ್ನದ್ಧವಾಗಿದ್ದು, ಒಮ್ಮೆಯೂ ರಣರಂಗಕ್ಕೆ ಇಳಿಯದ ಕಾರಣ ಈವರೆಗೆ ಅಜೇಯವಾಗಿದೆ.

ಆದರೆ ಸಾಕ್ಷಿಯ ಕೈಯಲ್ಲೇ ಬೀಗದ ಕೈಯುಂಟೆಂಬುದು ಸಿದ್ಧಾಂತದ ಮರ್ಮ. ನಿರ್ಬಂಧ ವಿಧಿಸುವವರು ಮಂತ್ರಿಗಳಾದರೂ, ಶತ್ರುವಿನ ಹಣವನ್ನು ಸ್ತಂಭಿಸುವ, ವ್ಯಾಪಾರವನ್ನು ತಡೆಯುವ ನಿಯಮದ ಪ್ರಸ್ತಾವವು ಉನ್ನತ ಪ್ರತಿನಿಧಿಯಿಂದಲೂ ಆಯೋಗದಿಂದಲೂ ಜಂಟಿಯಾಗಿ ಬರಬೇಕು. ಆದಕಾರಣ ಅಧಿರಾಷ್ಟ್ರೀಯ ಸಂಸ್ಥೆಗಳು ನಿರ್ಣಯಕ್ಕೆ ಅನಾವಶ್ಯಕ, ಆಚರಣೆಗೆ ಅನಿವಾರ್ಯ ಎಂದು ತೀರ್ಮಾನಿಸಲಾಗಿದೆ.

ಈ ತೀರ್ಮಾನವು ವಾಚಕರೆಲ್ಲರ ಸರ್ವಸಮ್ಮತಿಯಿಂದ ಮಾತ್ರ ಊರ್ಜಿತವಾಗುವುದರಿಂದ, ಆಕ್ಷೇಪವುಳ್ಳವರು ದಯಮಾಡಿ ಈ ಕ್ಷಣವೇ ಕಾಫಿಗೆಂದು ಎದ್ದು ಹೊರನಡೆಯತಕ್ಕದ್ದು.